ಚೀಟಿಯಲ್ಲಿ 0.06, ಕೈಯಲ್ಲಿ ಕೋರ್ಟಿನ ತಾರೀಖು

ಕುಡಿದು ಕಾರು ಓಡಿಸಿದ ಅನುಮಾನದ ಮೇಲೆ ಹಿಡಿದು ತಂದವರು ಊದಿದ ಮೇಲೆ, ಪೊಲೀಸ್ ಸ್ಟೇಷನ್ನಿನ ಯಂತ್ರದಿಂದ ಒಂದು ಉದ್ದನೆಯ ಚೀಟಿ ಹೊರಬರುತ್ತದೆ. ಅದರಲ್ಲಿ ಎರಡು ಸಾಲು: 0.06, 0.06. ಕ್ಯಾಲಿಫೋರ್ನಿಯಾದಲ್ಲಿ ರಕ್ತದಲ್ಲಿನ ಮದ್ಯದ ಮಿತಿ ಶೇಕಡಾ 0.08 ಎಂಬುದು ಸ್ಟೀರಿಂಗ್ ಹಿಡಿದ ಎಲ್ಲರಿಗೂ ಗೊತ್ತು. ಹಾಗಾಗಿ ಆ ಚೀಟಿ ನೋಡಿದವರು ಮೊದಲು ನಿಟ್ಟುಸಿರು ಬಿಡುತ್ತಾರೆ. ಆಮೇಲೆ ‘ನಾನು ಆಗಲೇ ಹೇಳಲಿಲ್ವಾ, ಕುಡಿದಿದ್ದು ಎರಡೇ ಬಿಯರ್’ ಎಂದು ಬಾಯಿ ಬಿಡುತ್ತಾರೆ. ಬೆಳಗಿನ ಜಾವ ಹೊರಗೆ ಬಿಡುವಾಗ ಕೈಗೆ ಬರುವ ಕಾಗದದಲ್ಲಿ ಕೋರ್ಟಿಗೆ ಹಾಜರಾಗಬೇಕಾದ ದಿನ ಬರೆದಿರುತ್ತದೆ. ‘ಎರಡೇ ಬಿಯರ್’ ಎಂಬ ಮಾತು ಪೊಲೀಸ್ ವರದಿಯಲ್ಲಿ ಯಥಾವತ್ತಾಗಿ ಕೂತಿರುತ್ತದೆ.

ಮಿತಿಯೊಳಗಿದ್ದರೂ ಕೇಸು ಹೇಗೆ? ಅಲ್ಲಿನ ವೆಹಿಕಲ್ ಕೋಡಿನ 23152ನೇ ಸೆಕ್ಷನ್ನಿನಲ್ಲಿ ಇರುವುದು ಒಂದೇ ಅಪರಾಧವಲ್ಲ. ‘ಬಿ’ ಕಲಮು ಸಂಖ್ಯೆಯದು. ರಕ್ತದಲ್ಲಿ 0.08 ಅಥವಾ ಅದಕ್ಕಿಂತ ಹೆಚ್ಚು ಮದ್ಯ ಇದ್ದರೆ ಮುಗಿಯಿತು, ನೀವು ಎಷ್ಟು ನೆಟ್ಟಗೆ ಓಡಿಸುತ್ತಿದ್ದಿರಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ‘ಎ’ ಕಲಮಿನಲ್ಲಿ ಸಂಖ್ಯೆಯೇ ಇಲ್ಲ. ಮದ್ಯದ ಪ್ರಭಾವದಲ್ಲಿ ವಾಹನ ಓಡಿಸಬಾರದು ಎಂದಷ್ಟೇ ಹೇಳುತ್ತದೆ. ಪ್ರಭಾವ ಎಂದರೇನು ಎಂದು ಜ್ಯೂರಿಗೆ ವಿವರಿಸುವ ಮಾತಿನ ತಿರುಳು ಇದು: ಕುಡಿದ ಕಾರಣ ಬುದ್ಧಿ ಅಥವಾ ದೇಹದ ಶಕ್ತಿ ಕುಂದಿ, ಕುಡಿಯದ ಮನುಷ್ಯನೊಬ್ಬ ಅದೇ ಸನ್ನಿವೇಶದಲ್ಲಿ ತೋರುವ ಎಚ್ಚರಿಕೆಯಿಂದ ಓಡಿಸಲು ಆಗದ ಸ್ಥಿತಿ. 0.06 ಬಂದವರ ಮೇಲೆ ಬೀಳುವುದು ಸಾಮಾನ್ಯವಾಗಿ ಈ ‘ಎ’ ಕಲಮು.

ಸಂಖ್ಯೆಗೆ ಬೆಲೆಯೇ ಇಲ್ಲವೆಂದಲ್ಲ. 23610ನೇ ಸೆಕ್ಷನ್ ಅದಕ್ಕೆ ಮೂರು ಮೆಟ್ಟಿಲು ಹಾಕಿದೆ. 0.05ಕ್ಕಿಂತ ಕಡಿಮೆ ಬಂದರೆ ನೀವು ಪ್ರಭಾವದಲ್ಲಿರಲಿಲ್ಲ ಎಂದು ಕಾನೂನೇ ಊಹಿಸುತ್ತದೆ. 0.05ರಿಂದ 0.08ರ ಒಳಗೆ ಬಂದರೆ ಊಹೆ ಯಾರ ಪರವಾಗಿಯೂ ಇಲ್ಲ, ಉಳಿದ ಸಾಕ್ಷ್ಯ ನೋಡಿ ತೀರ್ಮಾನಿಸಬೇಕು. 0.08 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಊಹೆ ನಿಮ್ಮ ವಿರುದ್ಧ. ಆದ್ದರಿಂದ ಮಿತಿಗಿಂತ ಕಡಿಮೆ ಬಂದ ಕೇಸಿನಲ್ಲಿ ನಿಜವಾದ ಗಡಿ 0.05. ಕ್ಯಾಲಿಫೋರ್ನಿಯಾದ ನಿಯಮದಂತೆ ಫಲಿತಾಂಶವನ್ನು ಎರಡು ದಶಮಾಂಶಕ್ಕೆ ಕತ್ತರಿಸಿ ಬರೆಯುತ್ತಾರೆ, ಮೂರನೆಯ ಅಂಕಿಯನ್ನು ಬಿಟ್ಟುಬಿಡುತ್ತಾರೆ. 0.049 ಬಂದರೆ ಕಾಗದದ ಮೇಲೆ 0.04. ಆ ಒಂದು ಅಂಕಿಯಿಂದ ಕೇಸಿನ ದಿಕ್ಕೇ ಬದಲಾಗುತ್ತದೆ.

ಬೇರೆ ರಾಜ್ಯಗಳಲ್ಲಿ ಹೆಸರು ಬೇರೆ, ವಿಷಯ ಇದೇ. ನ್ಯೂಯಾರ್ಕಿನಲ್ಲಿ ಡಿಡಬ್ಲ್ಯುಎಐ ಎಂಬ ಕೆಳಹಂತದ ತಪ್ಪು ಇದೆ. ಓಡಿಸುವ ಶಕ್ತಿ ಸ್ವಲ್ಪ ಮಟ್ಟಿಗೆ ಕುಂದಿದ್ದರೂ ಸಾಕು, ಮೊದಲ ಸಲಕ್ಕೆ 300ರಿಂದ 500 ಡಾಲರ್ ದಂಡ, 15 ದಿನದವರೆಗೆ ಜೈಲಿನ ಅವಕಾಶ, 90 ದಿನ ಲೈಸೆನ್ಸ್ ಅಮಾನತು. ಕೊಲೊರಾಡೊದಲ್ಲಿ 0.05 ದಾಟಿ 0.08 ಮುಟ್ಟದವರಿಗೆ ಅದೇ ಹೆಸರಿನ ಚಾರ್ಜ್ ಇದೆ, ಅಲ್ಲಿ ‘ಅತ್ಯಲ್ಪ ಮಟ್ಟಿಗೆ’ ಕುಂದಿದ್ದರೂ ಅಪರಾಧ. ಟೆಕ್ಸಸ್‌ನಲ್ಲಿ ದೇಹ, ಬುದ್ಧಿ ಎಂದಿನಂತೆ ಕೆಲಸ ಮಾಡುತ್ತಿರಲಿಲ್ಲ ಎಂದು ತೋರಿಸಿದರೆ ಸಂಖ್ಯೆ ಬೇಕಿಲ್ಲ. ಯೂಟಾ 2018ರ ಡಿಸೆಂಬರ್ 30ರಿಂದ ಮಿತಿಯನ್ನೇ 0.05ಕ್ಕೆ ಇಳಿಸಿತು. ಕ್ಯಾಲಿಫೋರ್ನಿಯಾದಲ್ಲೂ 0.08 ಎಲ್ಲರ ಮಿತಿಯಲ್ಲ. ವಾಣಿಜ್ಯ ವಾಹನ ಓಡಿಸುವವರಿಗೆ 0.04. ಬಾಡಿಗೆಗೆ ಪ್ರಯಾಣಿಕರನ್ನು ಕೂರಿಸಿಕೊಂಡಿರುವ ಆ್ಯಪ್ ಕಾರಿನ ಚಾಲಕರಿಗೂ 2018ರ ಜುಲೈಯಿಂದ 0.04. 21 ವರ್ಷ ತುಂಬದವರಿಗೆ 0.01. ಎಂ.ಎಸ್. ಓದಲು ಹೋದ ಹುಡುಗರು ರಾತ್ರಿ ಕಾರು ಓಡಿಸಿ ಚಿಲ್ಲರೆ ಕಾಸು ಮಾಡಿಕೊಳ್ಳುವುದುಂಟು. ಆ ವೀಸಾದಲ್ಲಿ ಆ ಕೆಲಸ ಮಾಡುವಂತಿಲ್ಲ ಎಂಬುದು ಬೇರೆಯೇ ತಲೆನೋವು. ಅದರ ಜೊತೆಗೆ ಅವರಿಗಿರುವ ಮಿತಿಯೂ ಅರ್ಧ ಎಂಬುದು ಅನೇಕರಿಗೆ ಗೊತ್ತೇ ಇರುವುದಿಲ್ಲ.

‘ಎ’ ಕಲಮಿನ ಸಾಕ್ಷ್ಯ ಕಾರು ನಿಲ್ಲುವ ಮೊದಲೇ ಶುರುವಾಗುತ್ತದೆ. ಪಟ್ಟೆಯ ಮೇಲೆ ಚಕ್ರ ಹತ್ತಿದ್ದು, ಹಸಿರು ದೀಪ ಬಂದಮೇಲೂ ಎರಡು ಕ್ಷಣ ನಿಂತಿದ್ದು, ಸಿಗ್ನಲ್ ಹಾಕದೆ ತಿರುಗಿದ್ದು ಎಲ್ಲವೂ ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಇರುತ್ತವೆ. ಕಿಟಕಿ ಇಳಿಸಿದ ಕೂಡಲೇ ಮೈಮೇಲಿನ ಕ್ಯಾಮೆರಾ ನಿಮ್ಮ ಮುಖ, ಮಾತು, ಪರ್ಸಿನಿಂದ ಕಾರ್ಡು ತೆಗೆಯುವ ಬೆರಳು ಎಲ್ಲವನ್ನೂ ಹಿಡಿಯುತ್ತದೆ. ‘ಎಲ್ಲಿಂದ ಬರ್ತಿದ್ದೀರಿ, ಏನಾದರೂ ಕುಡಿದಿದ್ದೀರಾ’ ಎಂಬುದು ಕುಶಲ ವಿಚಾರಣೆಯಲ್ಲ. ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೊಡುವುದು ಕಡ್ಡಾಯ. ಎಲ್ಲಿ, ಏನು, ಎಷ್ಟು ಎಂಬ ಪ್ರಶ್ನೆಗಳಿಗೆ ‘ಉತ್ತರಿಸಲು ಇಷ್ಟವಿಲ್ಲ’ ಎಂದು ಮರ್ಯಾದೆಯಿಂದ ಹೇಳುವ ಹಕ್ಕಿದೆ. ಸುಳ್ಳು ಹೇಳುವುದು ಮಾತ್ರ ಬೇಡ. ಬಾಯಲ್ಲಿ ವಾಸನೆ ಬರುತ್ತಿದ್ದಾಗ ‘ಕುಡಿದೇ ಇಲ್ಲ’ ಎಂದರೆ, ತಪ್ಪಿನ ಅರಿವಿದ್ದುದಕ್ಕೆ ಅದೇ ಸಾಕ್ಷಿ ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ.

ಮುಂದಿನದು ರಸ್ತೆಬದಿಯ ಕಸರತ್ತು. ಮೂರು ಪರೀಕ್ಷೆಗಳು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ರೂಪಿಸಿದ ಮಾದರಿಯವು. ಮೊದಲನೆಯದು ಕಣ್ಣಿನದು. ಮುಖದಿಂದ 12ರಿಂದ 15 ಇಂಚು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪೆನ್ನು ಹಿಡಿದು ಅತ್ತಿತ್ತ ಆಡಿಸುತ್ತಾರೆ. ಕಣ್ಣಗುಡ್ಡೆ ಜಾರದೆ ಕುಪ್ಪಳಿಸಿದರೆ ಅದು ಒಂದು ಸುಳಿವು. ಒಂದೊಂದು ಕಣ್ಣಿಗೆ ಮೂರರಂತೆ ಒಟ್ಟು ಆರು, ನಾಲ್ಕು ಸಿಕ್ಕರೆ ನಪಾಸು.

ಎರಡನೆಯದು ನಡಿಗೆ, ಜನ ಹೆಚ್ಚಾಗಿ ಎಡವುವುದು ಇಲ್ಲಿ. ಬಲಗಾಲನ್ನು ಎಡಗಾಲಿನ ಮುಂದೆ, ಹಿಮ್ಮಡಿ ಬೆರಳಿಗೆ ತಾಗುವಂತೆ ಇಟ್ಟು, ಕೈ ಕೆಳಗೆ ಬಿಟ್ಟು, ವಿವರಣೆ ಮುಗಿಯುವವರೆಗೆ ಹಾಗೇ ನಿಂತಿರಬೇಕು. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದು ನೀವು ಅಂದುಕೊಂಡಿರುತ್ತೀರಿ. ಅಂಕ ಆಗಲೇ ಬೀಳುತ್ತಿರುತ್ತದೆ! ವಿವರಣೆ ಕೇಳುತ್ತಾ ಕಾಲು ಕಿತ್ತರೆ ಒಂದು ಸುಳಿವು, ‘ಶುರು ಮಾಡಿ’ ಎನ್ನುವ ಮೊದಲೇ ಹೆಜ್ಜೆ ಹಾಕಿದರೆ ಇನ್ನೊಂದು. ಎಂಟು ಸುಳಿವುಗಳಲ್ಲಿ ಎರಡು ಸಿಕ್ಕರೆ ಸಾಕು, ಅಂದರೆ ಒಂದು ಹೆಜ್ಜೆಯನ್ನೂ ನಡೆಯದೆ ಅನುತ್ತೀರ್ಣರಾಗಬಹುದು. ನಂತರ ಒಂಬತ್ತು ಹೆಜ್ಜೆ ಮುಂದೆ, ಮುಂಗಾಲನ್ನು ಗೆರೆಯ ಮೇಲೇ ಇಟ್ಟುಕೊಂಡು ಇನ್ನೊಂದು ಕಾಲಿನ ಪುಟ್ಟ ಹೆಜ್ಜೆಗಳಲ್ಲಿ ತಿರುವು, ಮತ್ತೆ ಒಂಬತ್ತು ಹೆಜ್ಜೆ. ಹಿಮ್ಮಡಿಗೂ ಬೆರಳಿಗೂ ಅರ್ಧ ಇಂಚು ಸಂದು ಬಿಟ್ಟರೆ ಸುಳಿವು. ಕೈ ಆರು ಇಂಚು ಮೇಲೆದ್ದರೆ ಸುಳಿವು. ಸೇನೆಯವರಂತೆ ಗಿರಕ್ಕನೆ ತಿರುಗಿದರೂ ಸುಳಿವು. ಮೂರನೆಯದರಲ್ಲಿ ಒಂದು ಕಾಲನ್ನು ನೆಲದಿಂದ ಆರು ಇಂಚು ಎತ್ತಿ, ‘ಒನ್ ಥೌಸಂಡ್ ಒನ್, ಒನ್ ಥೌಸಂಡ್ ಟೂ’ ಎಂದು ಎಣಿಸುತ್ತಾ 30 ಸೆಕೆಂಡ್ ನಿಲ್ಲಬೇಕು. ಓಲಾಡುವುದು, ಕೈ ಎತ್ತುವುದು, ಕುಪ್ಪಳಿಸುವುದು, ಕಾಲು ಊರುವುದು, ಈ ನಾಲ್ಕರಲ್ಲಿ ಎರಡು ಸಿಕ್ಕರೆ ಮುಗಿಯಿತು.

65 ದಾಟಿದವರು, ಬೆನ್ನು, ಕಾಲು ಅಥವಾ ಒಳಕಿವಿಯ ತೊಂದರೆ ಇರುವವರು, 50 ಪೌಂಡಿಗಿಂತ ಹೆಚ್ಚು ಅಧಿಕ ತೂಕದವರು ಕುಡಿಯದಿದ್ದರೂ ಇದರಲ್ಲಿ ಎಡವಬಹುದು ಎಂಬ ಎಚ್ಚರಿಕೆ ತರಬೇತಿ ಕೈಪಿಡಿಯಲ್ಲೇ ಇದೆ. ಎರಡು ಇಂಚಿಗಿಂತ ಎತ್ತರದ ಹಿಮ್ಮಡಿ ಇದ್ದರೆ ಚಪ್ಪಲಿ ಬಿಚ್ಚಲು ಅವಕಾಶ ಕೊಡಬೇಕು. ಇವನ್ನೆಲ್ಲ ಅಲ್ಲೇ, ಕ್ಯಾಮೆರಾದ ಮುಂದೆ ಹೇಳಬೇಕು. ‘ಎಡಮಂಡಿಗೆ ಆಪರೇಷನ್ ಆಗಿದೆ’ ಎಂಬ ಒಂದು ವಾಕ್ಯಕ್ಕೆ ಆ ಹೊತ್ತಿನಲ್ಲಿ ಇರುವ ತೂಕ ಆರು ತಿಂಗಳ ನಂತರ ತರುವ ಡಾಕ್ಟರ್ ಸರ್ಟಿಫಿಕೇಟಿಗೆ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಪರೀಕ್ಷೆಗಳನ್ನು ಮಾಡಲೇಬೇಕು ಎಂಬ ಕಾನೂನಿಲ್ಲ. ಒಪ್ಪದಿದ್ದರೆ ಲೈಸೆನ್ಸಿಗೆ ಶಿಕ್ಷೆ ಇಲ್ಲ, ಆದರೆ ಬಂಧನ ಆಗಬಹುದು.

ಕೇಸಿನ ಜೀವಾಳ ಈ ಪರೀಕ್ಷೆಗಳಲ್ಲೇ ಇದೆ. ಎನ್‌ಎಚ್‌ಟಿಎಸ್‌ಎಗಾಗಿ 1998ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಇವನ್ನು ಒರೆಗೆ ಹಚ್ಚಿದಾಗ ನೋಡಿದ್ದು, ಚಾಲಕರ ರಕ್ತದ ಮಟ್ಟ 0.08 ಮುಟ್ಟಿದೆಯೇ ಎಂಬುದನ್ನು ಸುಳಿವುಗಳಿಂದ ಊಹಿಸಬಹುದೇ ಎಂದು. ಕಾರು ಓಡಿಸುವ ಸಾಮರ್ಥ್ಯವನ್ನು ಅಳೆಯುವುದು ಅದರ ಉದ್ದೇಶವಾಗಿರಲಿಲ್ಲ. ಈಗ ಯೋಚಿಸಿ: ನಡಿಗೆಯಲ್ಲಿ ನಾಲ್ಕು ಸುಳಿವು, ಕಣ್ಣಿನಲ್ಲಿ ನಾಲ್ಕು ಸುಳಿವು ಎಂದು ಬರೆದ ಅಧಿಕಾರಿ 0.08 ದಾಟಿದೆ ಎಂದು ಊಹಿಸಿದರು, ಯಂತ್ರ 0.06 ಎಂದಿತು. ಹಾಗಾದರೆ ಪರೀಕ್ಷೆಯ ಊಹೆ ಆ ರಾತ್ರಿ ಸುಳ್ಳಾಯಿತು. ಮಿತಿಯೊಳಗಿನ ಕೇಸಿನಲ್ಲಿ ಪ್ರತಿವಾದಿ ವಕೀಲರು ಹಿಡಿಯಬೇಕಾದ ಮೊದಲ ಎಳೆ ಇದು. ‘ಸಂಖ್ಯೆ ಬಿಡಿ, ತೂರಾಡಿದ್ದು ನಿಜವಲ್ಲವೇ’ ಎಂದು ಸರ್ಕಾರಿ ವಕೀಲರು ಕೇಳುತ್ತಾರೆ. ಅದಕ್ಕೆ ವೀಡಿಯೊ ಉತ್ತರ ಕೊಡಬೇಕು. ವರದಿಯಲ್ಲಿ ‘ತಡವರಿಸಿದರು’ ಎಂದಿರುವ ಕಡೆ ವೀಡಿಯೊದಲ್ಲಿ ಮನುಷ್ಯ ಇಳಿಜಾರಿನ ಜಲ್ಲಿಯ ಮೇಲೆ ನಿಂತು, ಪಕ್ಕದಲ್ಲಿ ಟ್ರಕ್ಕುಗಳು ಹಾದುಹೋಗುವಾಗ, ಕಣ್ಣಿಗೆ ಟಾರ್ಚು ಬಿಟ್ಟಿರುವಾಗ, ಎರಡನೇ ಭಾಷೆಯಲ್ಲಿ ಹೇಳಿದ ಸೂಚನೆಯನ್ನು ನೆನಪಿಟ್ಟುಕೊಳ್ಳಲು ಒದ್ದಾಡುತ್ತಿರುವುದು ಕಾಣಬಹುದು. ನಿಜವಾಗಿ ತೂರಾಡಿದ್ದರೆ ಅದೂ ಕಾಣುತ್ತದೆ.

ಉಸಿರಿನ ಪರೀಕ್ಷೆ ಎರಡಿವೆ, ಜನ ಇವೆರಡನ್ನೂ ಒಂದೇ ಎಂದುಕೊಂಡು ಕೆಡುತ್ತಾರೆ. ಬಂಧನಕ್ಕೆ ಮೊದಲು ರಸ್ತೆಬದಿಯಲ್ಲಿ ಕೈಯಲ್ಲಿ ಹಿಡಿದು ಊದಿಸುವುದು ಪ್ರಾಥಮಿಕ ತಪಾಸಣೆ. 21 ದಾಟಿದ, ಹಳೆಯ ಡಿಯುಐ (ಕುಡಿದು ಓಡಿಸಿದ) ಕೇಸಿನ ಪ್ರೊಬೇಷನ್, ಅಂದರೆ ಷರತ್ತಿನ ಬಿಡುಗಡೆ, ಇಲ್ಲದ ಚಾಲಕರು ಇದನ್ನು ನಿರಾಕರಿಸಬಹುದು, ಅಧಿಕಾರಿ ಅದನ್ನು ತಿಳಿಸಬೇಕು ಕೂಡ. ಕಾನೂನುಬದ್ಧ ಬಂಧನದ ನಂತರದ ಪರೀಕ್ಷೆಯ ಮಾತೇ ಬೇರೆ. ಲೈಸೆನ್ಸ್ ಪಡೆದಾಗಲೇ ಅದಕ್ಕೆ ಒಪ್ಪಿದಂತೆ. ಬೇಡ ಎಂದರೆ ಕೇಸು ಬಿದ್ದುಹೋದರೂ ಒಂದು ವರ್ಷ ಲೈಸೆನ್ಸ್ ಅಮಾನತಾಗಬಹುದು. 0.06 ಬರಲಿದ್ದವರು ಹೆದರಿ ನಿರಾಕರಿಸಿ, ಇಲ್ಲದ ಕಷ್ಟವನ್ನು ಮೈಮೇಲೆ ಎಳೆದುಕೊಳ್ಳುವುದು ಇಲ್ಲೇ.

ಉಸಿರೋ ರಕ್ತವೋ ಎಂಬ ಆಯ್ಕೆ ಸಾಮಾನ್ಯವಾಗಿ ನಿಮ್ಮದು. ಉಸಿರಿನದು ಅಲ್ಲೇ ಫಲಿತಾಂಶ ಕೊಡುತ್ತದೆ, ಆದರೆ ಮಾದರಿ ಉಳಿಯುವುದಿಲ್ಲ. ಊದುವ ಮೊದಲು 15 ನಿಮಿಷ ಅಧಿಕಾರಿ ನಿಮ್ಮನ್ನು ಬಿಡದೆ ಗಮನಿಸಿರಬೇಕು. ಆ ಹೊತ್ತಿನಲ್ಲಿ ತೇಗು, ವಾಂತಿ, ತಿನ್ನುವುದು, ಕುಡಿಯುವುದು, ಸಿಗರೇಟು ಇರಬಾರದು. ಹೊಟ್ಟೆಯಿಂದ ಬಾಯಿಗೆ ಬಂದ ಆವಿ ಶ್ವಾಸಕೋಶದ ಉಸಿರಿನೊಂದಿಗೆ ಬೆರೆತರೆ ಲೆಕ್ಕ ಕೆಡುತ್ತದೆ. ಎರಡು ಮಾದರಿ ಬೇಕು, ಅವೆರಡರ ನಡುವಿನ ಅಂತರ 0.02 ಮೀರಬಾರದು. ಯಂತ್ರದ ನಿಖರತೆಯನ್ನು 10 ದಿನಕ್ಕೊಮ್ಮೆ ಅಥವಾ 150 ಜನರಿಗೊಮ್ಮೆ, ಯಾವುದು ಮೊದಲೋ ಆಗ, ಪರೀಕ್ಷಿಸಿರಬೇಕು. ಉಸಿರಿನ ಲೆಕ್ಕ 2,100 ಮಿಲಿಲೀಟರ್ ಉಸಿರಿನಲ್ಲಿರುವ ಮದ್ಯ 1 ಮಿಲಿಲೀಟರ್ ರಕ್ತದಲ್ಲಿರುವ ಮದ್ಯಕ್ಕೆ ಸಮ ಎಂಬ ಅನುಪಾತದ ಮೇಲೆ ನಿಂತಿದೆ. ಎಲ್ಲರ ದೇಹವೂ ಎಲ್ಲ ಹೊತ್ತಿನಲ್ಲೂ ಆ ಅನುಪಾತಕ್ಕೆ ಸರಿಯಾಗಿ ಕೂರುವುದಿಲ್ಲ.

ರಕ್ತದ ಮಾದರಿ ಉಳಿಯುತ್ತದೆ. ಅರ್ಧವನ್ನು ನಿಮ್ಮ ಕಡೆಯ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಬಹುದು. ಬೂದು ಮುಚ್ಚಳದ ಟ್ಯೂಬಿನಲ್ಲಿ ಕೊಳೆಯದಂತೆ ಸೋಡಿಯಂ ಫ್ಲೋರೈಡ್, ಹೆಪ್ಪುಗಟ್ಟದಂತೆ ಪೊಟ್ಯಾಸಿಯಂ ಆಕ್ಸಲೇಟ್ ಇರುತ್ತದೆ. ಚರ್ಮ ಒರೆಸುವ ದ್ರಾವಣದಲ್ಲಿ ಆಲ್ಕೋಹಾಲ್ ಇರಬಾರದು. ಒಂದು ಅಥವಾ ಎರಡು ಡ್ರಿಂಕ್ ಕುಡಿದಿದ್ದೇನೆ ಎಂದು ಖಚಿತವಾಗಿ ಗೊತ್ತಿರುವವರಿಗೆ ಉಸಿರಿನ ಪರೀಕ್ಷೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಕಡಿಮೆ ಸಂಖ್ಯೆ ಆ ರಾತ್ರಿಯೇ ಕಾಗದಕ್ಕೆ ಬರುತ್ತದೆ, ರಕ್ತದ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು.

ಆದರೆ ಕಡಿಮೆ ಸಂಖ್ಯೆ ಬಂದಾಗ ಇನ್ನೊಂದು ಬಾಗಿಲು ತೆರೆಯುತ್ತದೆ. ‘ಇಷ್ಟು ತೂರಾಡುತ್ತಿದ್ದಾರೆ, ಸಂಖ್ಯೆ ಮಾತ್ರ 0.04. ಹಾಗಾದರೆ ಬೇರೇನೋ ತೆಗೆದುಕೊಂಡಿದ್ದಾರೆ’ ಎಂಬ ಅನುಮಾನ ಹುಟ್ಟುತ್ತದೆ. ಆಗ ಡಿಆರ್‌ಇ ಎಂಬ, ಮಾದಕ ವಸ್ತುವಿನ ಪ್ರಭಾವ ಗುರುತಿಸುವ ವಿಶೇಷ ತರಬೇತಿಯ ಅಧಿಕಾರಿ ಬರುತ್ತಾರೆ. ಅವರ ಪರೀಕ್ಷೆಗೆ 12 ಹಂತ: ನಾಡಿಯನ್ನು ಮೂರು ಸಲ ಎಣಿಸುತ್ತಾರೆ, ಕತ್ತಲೆ ಕೋಣೆಯಲ್ಲಿ ಕಣ್ಣಿನ ಪಾಪೆಯ ಅಳತೆ ತೆಗೆಯುತ್ತಾರೆ, ತೋಳಿನ ಸ್ನಾಯು ಬಿಗಿಯೋ ಸಡಿಲವೋ ನೋಡುತ್ತಾರೆ, ಕೊನೆಗೆ ರಕ್ತ ಕೇಳುತ್ತಾರೆ. ಡಾಕ್ಟರ್ ಬರೆದುಕೊಟ್ಟ ನಿದ್ರೆ ಮಾತ್ರೆ, ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡೈಫೆನ್‌ಹೈಡ್ರಮೀನ್‌ನಂಥ ಅಲರ್ಜಿ ಮಾತ್ರೆಯೂ ಇದರೊಳಗೆ ಬರುತ್ತವೆ. ಪ್ರಿಸ್ಕ್ರಿಪ್ಷನ್ ಇದೆ ಎಂಬುದು ಇಲ್ಲಿ ರಕ್ಷಣೆಯಲ್ಲ. ಮದ್ಯ ಮತ್ತು ಔಷಧಿ ಸೇರಿದ ಪ್ರಭಾವಕ್ಕೆ ‘ಜಿ’ ಎಂಬ ಪ್ರತ್ಯೇಕ ಕಲಮೇ ಇದೆ. ನೆಗಡಿ ಮಾತ್ರೆ ನುಂಗಿ ಒಂದು ಗ್ಲಾಸ್ ವೈನ್ ಕುಡಿದವರು ‘ವೈನ್ ಒಂದೇ’ ಎಂದುಕೊಂಡಿರುತ್ತಾರೆ. ಮೆದುಳಿನ ಮೇಲೆ ಕೆಲಸ ಮಾಡಿದ್ದು ಎರಡೂ ಸೇರಿ.

ಇನ್ನು ಆ 0.06 ಎಷ್ಟು ಹೊತ್ತಿನ ಸಂಖ್ಯೆ ಎಂಬ ಪ್ರಶ್ನೆ. ಕಾರು ನಿಲ್ಲಿಸಿದ್ದು ರಾತ್ರಿ 11.45ಕ್ಕೆ, ಊದಿದ್ದು 1.15ಕ್ಕೆ ಎಂದಿಟ್ಟುಕೊಳ್ಳಿ. ನಡುವೆ ಒಂದೂವರೆ ಗಂಟೆ. ದೇಹ ಗಂಟೆಗೆ ಸುಮಾರು 0.015ರಂತೆ ಮದ್ಯವನ್ನು ಕರಗಿಸುತ್ತದೆ ಎಂದು ಸರ್ಕಾರಿ ತಜ್ಞರು ಹಿಂದಕ್ಕೆ ಲೆಕ್ಕ ಹಾಕುತ್ತಾರೆ: 0.06ಕ್ಕೆ 0.0225 ಸೇರಿಸಿದರೆ 0.0825. ನೋಡನೋಡುತ್ತಲೇ ‘ಬಿ’ ಕಲಮು ಕೂಡ ಬಾಗಿಲು ತಟ್ಟುತ್ತದೆ. ಅದೇ ವೇಗ 0.010 ಎಂದರೆ 0.075, 0.020 ಎಂದರೆ 0.09. ಮನುಷ್ಯರಿಂದ ಮನುಷ್ಯರಿಗೆ ಈ ವೇಗ ಬೇರೆ. ಮುಖ್ಯವಾಗಿ, ಈ ಲೆಕ್ಕ ನಿಲ್ಲಬೇಕಾದರೆ ಕಾರು ಓಡಿಸುವಾಗಲೇ ಕುಡಿದದ್ದೆಲ್ಲ ರಕ್ತಕ್ಕೆ ಸೇರಿ ಮುಗಿದಿರಬೇಕು. ಹೊಟ್ಟೆ ತುಂಬ ಊಟ ಮಾಡಿ, 11.30ಕ್ಕೆ ಕೊನೆಯ ಗ್ಲಾಸ್ ಮುಗಿಸಿ ಕಾರು ಹತ್ತಿದವರಲ್ಲಿ ಮಟ್ಟ ಇನ್ನೂ ಏರುತ್ತಿರುತ್ತದೆ, 11.45ಕ್ಕೆ 0.04 ಇದ್ದದ್ದು 1.15ಕ್ಕೆ 0.06 ಆಗಿರಬಹುದು. ಒಂದೇ ಸಂಖ್ಯೆಯನ್ನು ಇಬ್ಬರು ತಜ್ಞರು ಎರಡು ದಿಕ್ಕಿಗೆ ಎಳೆಯುತ್ತಾರೆ. ಯಾರ ಮಾತು ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಕೊನೆಯ ಗ್ಲಾಸಿನ ಹೊತ್ತು, ಊಟದ ಹೊತ್ತು. ಅದಕ್ಕೇ ರೆಸ್ಟೋರೆಂಟಿನ ಬಿಲ್ಲು ಚಿನ್ನ. ಅದರ ಮೇಲೆ ಗಂಟೆ, ನಿಮಿಷ ಇರುತ್ತದೆ.

ಗ್ಲಾಸಿನ ಲೆಕ್ಕದಲ್ಲೂ ಮೋಸ ಹೋಗುವವರೇ ಹೆಚ್ಚು. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್: 5 ಶೇಕಡಾದ 12 ಔನ್ಸ್ ಬಿಯರ್, 12 ಶೇಕಡಾದ 5 ಔನ್ಸ್ ವೈನ್, 40 ಶೇಕಡಾದ ಒಂದೂವರೆ ಔನ್ಸ್ ವಿಸ್ಕಿ. 8 ಶೇಕಡಾದ ಐಪಿಎ ಎಂಬ ಬಗೆಯ ಬಿಯರ್ 16 ಔನ್ಸ್ ಗ್ಲಾಸಿನಲ್ಲಿ ಬಂದರೆ ಅದು ಎರಡು ಡ್ರಿಂಕಿಗೂ ಸ್ವಲ್ಪ ಹೆಚ್ಚು. ‘ಎರಡೇ ಬಿಯರ್’ ಎಂದವರು ನಾಲ್ಕಕ್ಕೂ ಹೆಚ್ಚು ಕುಡಿದಿರುತ್ತಾರೆ, ಸುಳ್ಳು ಹೇಳುತ್ತಿದ್ದೇನೆ ಎಂಬ ಅರಿವೇ ಇಲ್ಲದೆ. 0.05ರ ಹೊತ್ತಿಗೇ ಏಕಕಾಲಕ್ಕೆ ಎರಡು ಕಡೆ ಗಮನ ಇಡುವ ಶಕ್ತಿ ಕುಂದುತ್ತದೆ ಎಂಬುದು ನಿಜ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2013ರಲ್ಲೇ ಮಿತಿಯನ್ನು 0.05ಕ್ಕೆ ಅಥವಾ ಅದಕ್ಕೂ ಕೆಳಗೆ ತನ್ನಿ ಎಂದು ರಾಜ್ಯಗಳಿಗೆ ಹೇಳಿತ್ತು. 0.08ರ ಕೆಳಗೆ ಎಲ್ಲರೂ ಕ್ಷೇಮ ಎಂದು ಯಾವ ಕಾನೂನೂ ಭರವಸೆ ಕೊಟ್ಟಿಲ್ಲ. ‘ಎ’ ಕಲಮು ಇರುವುದು ಸರಿ ಎಂದೇ ನಾನು ನಂಬುತ್ತೇನೆ, ಸಾಕ್ಷ್ಯ ಪ್ರಾಮಾಣಿಕವಾಗಿರಬೇಕು ಅಷ್ಟೇ.

ಬೆರಳಚ್ಚು, ಫೋಟೊ, ಕೆಲವು ಗಂಟೆ ಒಳಗೆ ಕೂರುವುದು, ಬೆಳಗಿನ ಜಾವ ಬಿಡುಗಡೆ, ಟೋ ಆದ ಕಾರು ಬಿಡಿಸಿಕೊಳ್ಳುವುದು: ಇವು ಬೇಸರದ ಕೆಲಸಗಳು, ಹೆಚ್ಚು ಹೇಳುವಂಥದ್ದಿಲ್ಲ. ಕೈಗೆ ಕೊಟ್ಟ ಕಾಗದಗಳಲ್ಲಿ ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿಯ ಅಮಾನತು ಆದೇಶ ಇದೆಯೇ ಎಂದು ಮಾತ್ರ ಆ ದಿನವೇ ನೋಡಿ. ಇದ್ದರೆ ಅದೇ 30 ದಿನದ ತಾತ್ಕಾಲಿಕ ಲೈಸೆನ್ಸ್, ವಿಚಾರಣೆ ಕೇಳಲು ನಿಮಗಿರುವುದು 10 ದಿನ. ಉಸಿರಿನಲ್ಲಿ 0.06 ಬಂದ ವಯಸ್ಕರಿಗೆ, ನಿರಾಕರಣೆಯ ಆರೋಪವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಈ ಆದೇಶ ಇರುವುದಿಲ್ಲ. ರಕ್ತ ಕೊಟ್ಟವರಿಗೆ ಫಲಿತಾಂಶ ಬರುವ ಮೊದಲೇ ಕೊಟ್ಟಿರಬಹುದು. ‘ಹೇಗೂ ಕಡಿಮೆ ಬರುತ್ತದೆ’ ಎಂದು ಸುಮ್ಮನೆ ಕೂತು ಹತ್ತು ದಿನ ಕಳೆದುಕೊಳ್ಳಬೇಡಿ. ಕೋರ್ಟು ಬೇರೆ, ಡಿಎಂವಿ ಬೇರೆ. ಒಂದರಲ್ಲಿ ಗೆದ್ದರೆ ಇನ್ನೊಂದು ತಾನಾಗಿ ಮುಗಿಯುತ್ತದೆ ಎಂದು ಭಾವಿಸಬಾರದು.

ನಿದ್ದೆ ಮಾಡುವ ಮೊದಲು ಬರೆದಿಡಿ: ಏನು ತಿಂದಿರಿ, ಎಷ್ಟೊತ್ತಿಗೆ, ಯಾವ ಗ್ಲಾಸ್, ಯಾವ ಮಾತ್ರೆ, ಎಷ್ಟು ಗಂಟೆ ನಿದ್ದೆಗೆಟ್ಟಿದ್ದಿರಿ, ಕಾಲಲ್ಲಿ ಏನಿತ್ತು, ನೆಲ ಹೇಗಿತ್ತು, ಊದುವ ಮೊದಲು ತೇಗು ಬಂತೇ, ಅಧಿಕಾರಿ ನಡುವೆ ಎದ್ದು ಹೋದರೇ. ಕಾಗದದ ಮೇಲೆ ‘ವಕೀಲರಿಗಾಗಿ’ ಎಂದು ಬರೆದು, ವಕೀಲರಿಗೆ ಬಿಟ್ಟು ಯಾರಿಗೂ ತೋರಿಸಬೇಡಿ. ವಾಟ್ಸಾಪ್ ಗುಂಪಿನಲ್ಲಿ ಹಂಚಿಕೊಂಡ ಕಥೆ ಸಾಕ್ಷ್ಯವಾಗಬಹುದು. ರೆಸ್ಟೋರೆಂಟಿನ ಸಿಸಿಟಿವಿ ಬೇಗ ಅಳಿಸಿಹೋಗುತ್ತದೆ, ಉಳಿಸಿಡಲು ಕೋರಿ ವಕೀಲರಿಂದ ಮೊದಲ ವಾರವೇ ಪತ್ರ ಹೋಗಬೇಕು.

ಕೋರ್ಟಿನ ದಿನ ಹೋದಾಗ ‘ನಿಮ್ಮ ಹೆಸರು ಪಟ್ಟಿಯಲ್ಲೇ ಇಲ್ಲ’ ಎನ್ನುವುದು ಕಡಿಮೆ ಸಂಖ್ಯೆಯ ಕೇಸುಗಳಲ್ಲಿ ಅಪರೂಪವಲ್ಲ. ಜಿಲ್ಲಾ ಸರ್ಕಾರಿ ವಕೀಲರ ಕಚೇರಿ ಇನ್ನೂ ಚಾರ್ಜ್ ಹಾಕಿಲ್ಲ ಎಂದರ್ಥ. ಕೇಸು ಮುಗಿಯಿತು ಎಂದಲ್ಲ. ಇಂಥ ಅಪರಾಧಕ್ಕೆ ಚಾರ್ಜ್ ಹಾಕಲು ಒಂದು ವರ್ಷ ಅವಕಾಶ ಇದೆ. ಔಷಧಿಯ ಲ್ಯಾಬ್ ವರದಿ ತಡವಾಗಿ ಬಂದು, ಏಳನೇ ತಿಂಗಳಲ್ಲಿ ಹಳೆಯ ವಿಳಾಸಕ್ಕೆ ನೋಟಿಸ್ ಹೋಗಿ, ತಲುಪದೆ, ವಾರಂಟ್ ಹೊರಟಿರುವುದು ಉಂಟು. ಬಂದು ಹೋದ ದಿನದ ದಾಖಲೆಯನ್ನು ಕ್ಲರ್ಕಿನಿಂದ ಬರೆಸಿಕೊಳ್ಳಿ, ಮನೆ ಬದಲಿಸಿದರೆ ವಿಳಾಸ ಬದಲಿಸಿ, ವರ್ಷ ತುಂಬುವವರೆಗೆ ಕೋರ್ಟಿನ ವೆಬ್‌ಸೈಟಿನಲ್ಲಿ ತಿಂಗಳಿಗೊಮ್ಮೆ ಹೆಸರು ಹುಡುಕುತ್ತಿರಿ.

ಚಾರ್ಜ್ ಬಿದ್ದರೆ ಮೊದಲ ದಿನ ‘ತಪ್ಪಿತಸ್ಥನಲ್ಲ’ ಎನ್ನುವುದು ವಾಡಿಕೆ. ಸಾಕ್ಷ್ಯ ನೋಡುವ ಮೊದಲೇ ಒಪ್ಪಿಕೊಳ್ಳುವುದಕ್ಕೆ ಅರ್ಥವಿಲ್ಲ. ವಕೀಲರು ಕೇಳಬೇಕಾದವು: ಪೂರ್ತಿ ವರದಿ, ಎಲ್ಲ ಅಧಿಕಾರಿಗಳ ವೀಡಿಯೊ, ಡಿಸ್‌ಪ್ಯಾಚ್ ದಾಖಲೆ, ಯಂತ್ರದ ಪರೀಕ್ಷಾ ಪುಸ್ತಕ, ರಕ್ತವಾದರೆ ಟ್ಯೂಬು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ. ಡಿಸ್‌ಪ್ಯಾಚ್ ದಾಖಲೆಯನ್ನು ಹಲವರು ಮರೆಯುತ್ತಾರೆ. 15 ನಿಮಿಷ ಗಮನಿಸಿದೆ ಎಂದು ಬರೆದ ಅಧಿಕಾರಿ ಅದೇ ಹೊತ್ತಿನಲ್ಲಿ ಟೋ ಗಾಡಿಗೆ ರೇಡಿಯೊದಲ್ಲಿ ಹೇಳುತ್ತಿದ್ದುದು ಸಿಗುವುದು ಅದರಲ್ಲೇ. ಸಾಕ್ಷ್ಯ ಸಡಿಲವಿದ್ದರೆ ‘ವೆಟ್ ರೆಕ್‌ಲೆಸ್’ ಎಂಬ ರಾಜಿ, ಅಂದರೆ ಮದ್ಯದ ಉಲ್ಲೇಖವಿರುವ ಅಜಾಗರೂಕ ಚಾಲನೆಯ ಆರೋಪ, ಮುಂದಿಡುತ್ತಾರೆ. ಶಿಕ್ಷೆ ಕಡಿಮೆ, ಆದರೆ 10 ವರ್ಷದೊಳಗೆ ಮತ್ತೊಂದು ಡಿಯುಐ ಆದರೆ ಇದೂ ಹಿಂದಿನ ಡಿಯುಐ ಎಂದೇ ಲೆಕ್ಕ. ‘ಡ್ರೈ ರೆಕ್‌ಲೆಸ್’ ಎಂಬುದರಲ್ಲಿ ಮದ್ಯದ ಉಲ್ಲೇಖ ಇರುವುದಿಲ್ಲ, ಆ ಬಾಲವೂ ಇಲ್ಲ. 0.05, 0.06ರ ಕೇಸಿನಲ್ಲಿ, ಅಪಘಾತವಿಲ್ಲದೆ, ವೀಡಿಯೊ ಚೆನ್ನಾಗಿದ್ದರೆ, ಮೊದಲು ಬಂದ ವೆಟ್ ರೆಕ್‌ಲೆಸ್ಸಿಗೆ ಕೈ ಚಾಚುವುದು ಆತುರ.

ಎಚ್-1ಬಿ, ಎಫ್-1, ಎಲ್-1 ವೀಸಾದಲ್ಲಿ ಇರುವವರಿಗೆ ಇದೆಲ್ಲದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬರುತ್ತದೆ. ಬೆರಳಚ್ಚು ಕೊಟ್ಟ ಕ್ಷಣವೇ ಮಾಹಿತಿ ಫೆಡರಲ್ ದಾಖಲೆಗೆ ಹೋಗುತ್ತದೆ. 2015ರ ನವೆಂಬರಿನಿಂದ ಅಮೆರಿಕದ ವಿದೇಶಾಂಗ ಇಲಾಖೆಯ ಸೂಚನೆ ಹೀಗಿದೆ: ಕಳೆದ ಐದು ವರ್ಷದಲ್ಲಿ ಕುಡಿದು ಓಡಿಸಿದ್ದಕ್ಕೆ ಬಂಧನವಾಗಿದ್ದರೆ ವೀಸಾವನ್ನು ಮುನ್ನೆಚ್ಚರಿಕೆಯಾಗಿ ರದ್ದು ಮಾಡಬಹುದು. ಬಂಧನ ಸಾಕು, ಶಿಕ್ಷೆ ಬೇಕಿಲ್ಲ. 0.06 ಬಂದರೂ, ಚಾರ್ಜೇ ಬೀಳದಿದ್ದರೂ ಇದು ಆಗಬಹುದು. ಒಂದು ದಿನ ಬೆಳಿಗ್ಗೆ ವೀಸಾ ಕೊಟ್ಟ ಕಾನ್ಸುಲೇಟಿನಿಂದ ನಾಲ್ಕು ಸಾಲಿನ ಇಮೇಲ್ ಬರುತ್ತದೆ. ನೋಡಿದವರ ಕೈ ನಡುಗುತ್ತದೆ, ಕೂಡಲೇ ದೇಶ ಬಿಡಬೇಕೇನೋ ಎಂದು ಪೆಟ್ಟಿಗೆ ಕಟ್ಟಲು ಹೊರಡುತ್ತಾರೆ. ಸಾಮಾನ್ಯವಾಗಿ ಹಾಗಿಲ್ಲ. ರದ್ದಾದದ್ದು ಪಾಸ್‌ಪೋರ್ಟಿನ ಸ್ಟ್ಯಾಂಪು, ಅಂದರೆ ಒಳಗೆ ಬರುವ ಚೀಟಿ. ದೇಶದೊಳಗೆ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ಐ-94 ದಾಖಲೆಯ ಅವಧಿ ಇರುವವರೆಗೆ ಒಳಗೆ ಇದ್ದು ಕೆಲಸ ಮಾಡುವ ಹಕ್ಕು ಈ ರದ್ದತಿಯೊಂದರಿಂದಲೇ ಹೋಗುವುದಿಲ್ಲ. ಆದರೆ ದೇಶದ ಹೊರಗೆ ಕಾಲಿಟ್ಟರೆ ಹೊಸ ಸ್ಟ್ಯಾಂಪಿಲ್ಲದೆ ಮರಳುವಂತಿಲ್ಲ. ಊರಿನಲ್ಲಿ ಮದುವೆ ಎಂದು ಟಿಕೆಟ್ ಮಾಡಿಕೊಂಡವರು, ವಾರಾಂತ್ಯಕ್ಕೆ ಕೆನಡಾ ಹೋಗಿ ಬರುವವರು, ಇಮಿಗ್ರೇಷನ್ ವಕೀಲರನ್ನು ಕೇಳದೆ ವಿಮಾನ ಹತ್ತಬಾರದು.

ಹೊಸ ಸ್ಟ್ಯಾಂಪಿಗೆ ಹೋದಾಗ ಡಿಎಸ್-160 ಅರ್ಜಿಯಲ್ಲಿ ಎಂದಾದರೂ ಬಂಧನವಾಗಿತ್ತೇ, ಎಂದಾದರೂ ವೀಸಾ ರದ್ದಾಗಿತ್ತೇ ಎಂಬ ಎರಡು ಪ್ರಶ್ನೆ ಇವೆ. ಕೇಸು ಬಿದ್ದುಹೋಗಿದ್ದರೂ, ಕ್ಯಾಲಿಫೋರ್ನಿಯಾ ಕಾನೂನಿನಂತೆ ಬಂಧನವನ್ನು ‘ಕೇವಲ ತಡೆಹಿಡಿದದ್ದು’ ಎಂದು ಪ್ರಮಾಣಪತ್ರ ಸಿಕ್ಕಿದ್ದರೂ, ದಾಖಲೆ ಸೀಲ್ ಆಗಿದ್ದರೂ, ಬಂಧನದ ಪ್ರಶ್ನೆಗೆ ‘ಹೌದು’ ಎಂದು ಬರೆದು ವಿವರಿಸುವುದೇ ಸುರಕ್ಷಿತ. ರಾಜ್ಯದ ಸೀಲು ಫೆಡರಲ್ ಕಣ್ಣನ್ನು ಮುಚ್ಚುವುದಿಲ್ಲ. ‘ಇಲ್ಲ’ ಎಂದು ಬರೆದು ಸಿಕ್ಕಿಬಿದ್ದರೆ ಅದು ಸುಳ್ಳು ಮಾಹಿತಿ, ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದಾದ ತಪ್ಪು. 0.06ಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಐದು ವರ್ಷದೊಳಗಿನ ಬಂಧನವಾದರೆ ಕಾನ್ಸುಲೇಟಿನವರು ತಮ್ಮ ಪಟ್ಟಿಯ ವೈದ್ಯರ ಬಳಿ ಕಳುಹಿಸುತ್ತಾರೆ. ಕುಡಿತದ ಚಟ ಇದೆಯೇ, ಅದರಿಂದ ಇತರರಿಗೆ ಅಪಾಯವೇ ಎಂದು ಅವರು ನೋಡಬೇಕು. ವರದಿ ಬರಲು ವಾರಗಳಾಗಬಹುದು, ರಜೆ ಅದಕ್ಕೆ ತಕ್ಕಂತೆ ಹಾಕಿ.

ಅದಕ್ಕೇ ಮೊದಲ ದಿನವೇ ಕ್ರಿಮಿನಲ್ ವಕೀಲರಿಗೆ ನಿಮ್ಮ ವೀಸಾ ಯಾವುದೆಂದು ಹೇಳಬೇಕು. ಒಪ್ಪಂದ ಮಾಡಿಕೊಳ್ಳುವ ಮೊದಲು ವಲಸೆಯ ಮೇಲಿನ ಪರಿಣಾಮ ತಿಳಿಸುವುದು ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟು 2010ರ ಪಡಿಲ್ಲಾ ತೀರ್ಪಿನಲ್ಲಿ ಹೇಳಿದೆ. ಮಾದಕ ವಸ್ತುವಿನ ಹೆಸರು ಬರುವ ಯಾವ ಒಪ್ಪಂದವೂ ಮದ್ಯದ ಒಪ್ಪಂದಕ್ಕಿಂತ ವಲಸಿಗರಿಗೆ ಅಪಾಯಕಾರಿ, ಶಿಕ್ಷೆ ಎಷ್ಟೇ ಹಗುರ ಕಂಡರೂ.

ಕೇಸು ಹೇಗೇ ಮುಗಿಯಲಿ, ಕೋರ್ಟಿನ ಕ್ಲರ್ಕಿನಿಂದ ಮುದ್ರೆ ಹಾಕಿದ ಅಂತಿಮ ಆದೇಶದ ಪ್ರತಿಗಳನ್ನು ನಾಲ್ಕೈದು ತೆಗೆದಿಟ್ಟುಕೊಳ್ಳಿ. ಚಾರ್ಜೇ ಬಿದ್ದಿಲ್ಲದಿದ್ದರೆ, ವರ್ಷ ಕಳೆದ ಮೇಲೆ ಸರ್ಕಾರಿ ವಕೀಲರ ಕಚೇರಿಯಿಂದ ಹಾಗೆಂದು ಪತ್ರ ಪಡೆಯಿರಿ. ಜೊತೆಗೆ ಪೊಲೀಸ್ ವರದಿಯ ಪ್ರತಿ, 0.06 ಎಂದಿರುವ ಆ ಚೀಟಿ. ಚೀಟಿಯ ಕಾಗದ ಶಾಖದಲ್ಲಿ ಮುದ್ರಣವಾದದ್ದಾದರೆ ಎರಡು ವರ್ಷದಲ್ಲಿ ಅಕ್ಷರ ಮಾಸಿಹೋಗುತ್ತದೆ, ಆ ವಾರವೇ ಸ್ಕ್ಯಾನ್ ಮಾಡಿಸಿ. ಚೆನ್ನೈ ಕಾನ್ಸುಲೇಟಿನ ಕಿಟಕಿಯ ಮುಂದೆ, ಆಮೇಲೆ ಗ್ರೀನ್ ಕಾರ್ಡಿನ ಅರ್ಜಿಯಲ್ಲಿ, ಅದಾದ ಮೇಲೆ ಪೌರತ್ವದ ಸಂದರ್ಶನದಲ್ಲಿ ಇದೇ ಕಟ್ಟನ್ನು ಮತ್ತೆ ಮತ್ತೆ ಕೇಳುತ್ತಾರೆ.